ನಕ್ಷತ್ರದ ಉಷ್ಣತೆ: ಬಣ್ಣ ಒಂದ ಸಾಲಂಗಿಲ್ಲ

‘ಆರ್ದ್ರಾ 3,500, ರೀಗಲ್ 12,000 ಡಿಗ್ರಿ ಅಂತಾರ, ಬರೇ ಬಣ್ಣ ನೋಡಿ ಹೇಳ್ತಾರೇನ್ರಿ?’ ಅಂತ ಗದಗದಿಂದ ಕೇಳೀರಿ.

ಬಣ್ಣದಿಂದ ಶುರು ಮಾಡ್ತಾರ, ಖರೆ. ಕಮ್ಮಾರರ ಕುಲುಮ್ಯಾಗ ಕಬ್ಬಿಣ ಮೊದಲ ಕೆಂಪಾಗಿ, ಕಾದಂಗ ಬಿಳುಪಿಗೆ ತಿರಗ್ತದಲ್ಲ, ಹಂಗ. ಜನವರಿ ರಾತ್ರಿ ಎಂಟಕ್ಕ ಕಪ್ಪತ್ತಗುಡ್ಡದ ಕಡೆ ಹೋದ್ರ, ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದಾಗ ಆರ್ದ್ರಾ, ರೀಗಲ್ ಎರಡರ ಬಣ್ಣದ ಫರಕು ಬರಿಗಣ್ಣಿಗೇ ಕಾಣ್ತದ. ನೀಲಿ, ಹಳದಿ ಫಿಲ್ಟರ್ ಹಾಕಿ ಬೆಳಕು ಅಳದು ಉಷ್ಣತೆ ಅಂದಾಜು ಮಾಡ್ತಾರ. ಆದ್ರ ನಡುವಿನ ಧೂಳು ನೀಲಿ ಬೆಳಕನ್ನ ಹೆಚ್ಚು ತಡೀತದ, ಬಿಸಿ ನಕ್ಷತ್ರನೂ ಕೆಂಪಗ ಕಾಣಬಹುದು.

ಅದಕ್ಕ ರೋಹಿತ ಬೇಕು, ಅಂದ್ರ ಬಣ್ಣ ಬಣ್ಣಕ್ಕ ಬಿಡಿಸಿದ ಬೆಳಕು. ನನಗಂತೂ ಇದ ಭಾಳ ಚಂದದ ಭಾಗ. ಬೆಳಕನ್ನ ಬಿಡಿಸಿದ್ರ ನಡನಡುವ ಕಪ್ಪು ಗೆರಿ ಕಾಣ್ತಾವ, ಒಂದೊಂದು ಬಗಿ ಪರಮಾಣು ತನ್ನ ಪಾಲಿನ ಬೆಳಕು ಹೀರಿದ ಗುರುತು ಅವು. ಸೂರ್ಯನಾಗ ಹೈಡ್ರೋಜನ್ನೇ ಹೆಚ್ಚು, ಆದ್ರೂ ಅದರ ಗೆರಿ ಅಭಿಜಿತ್ ನಕ್ಷತ್ರದಾಗ ಇದ್ದಷ್ಟು ಗಾಢ ಇಲ್ಲ. ಯಾಕಂದ್ರ ಸೂರ್ಯನ ಮೇಲ್ಮೈ ಸುಮಾರು 5,770 ಕೆಲ್ವಿನ್, ಅಭಿಜಿತ್‌ದು 10,000ದ ಹತ್ರ. ಆ ಬಿಸಿಗೆ ಗೆರಿ ಮೂಡಿಸೋ ಸ್ಥಿತಿಗೆ ಏರಿದ ಹೈಡ್ರೋಜನ್ ಪರಮಾಣು ಹೆಚ್ಚಿರ್ತಾವ. ಇನ್ನೂ ಭಾಳ ಕಾದ್ರ ಎಲೆಕ್ಟ್ರಾನ್ ಕಳಚಿ ಗೆರಿ ಮತ್ತ ತೆಳ್ಳಗಾಗ್ತಾವ. ಆರ್ದ್ರಾದಂಥ ತಂಪು ನಕ್ಷತ್ರದಾಗ ಟೈಟಾನಿಯಂ ಆಕ್ಸೈಡ್ ಅಣುಗಳೂ ಒಡೀದ ಉಳೀತಾವ, ಅವುಗಳ ಪಟ್ಟಿ ಎದ್ದು ಕಾಣ್ತಾವ.

ಯಾವ ಬಿಸಿಗೆ ಎಷ್ಟು ಪರಮಾಣು ಎಲೆಕ್ಟ್ರಾನ್ ಕಳಕೊಳ್ತಾವ ಅನ್ನೋ ಲೆಕ್ಕಕ್ಕ ಸೂತ್ರ ಕೊಟ್ಟವರು ನಮ್ಮ ದೇಶದ ವಿಜ್ಞಾನಿ ಮೇಘನಾದ ಸಹಾ, 1920ರಾಗ. 1925ರಾಗ ಖಗೋಳ ವಿಜ್ಞಾನಿ ಸೆಸಿಲಿಯಾ ಪೇನ್ ಅದನ್ನ ಬಳಸಿ ನಕ್ಷತ್ರದಾಗ ಹೈಡ್ರೋಜನ್ ಎಷ್ಟು ವಿಪರೀತ ಅದ ಅಂತ ಲೆಕ್ಕ ಹಾಕಿದ್ರು.

ಈ ಅಂಕಿ ಎಲ್ಲಾ ಮೇಲ್ಮೈದು ಅಷ್ಟ. ಸೂರ್ಯನ ನಡುಗರ್ಭ ಸುಮಾರು 1.5 ಕೋಟಿ ಡಿಗ್ರಿ, ಅದನ್ನ ತಿಳಿಯೋ ದಾರಿ ಬ್ಯಾರೆ.