ಬಾಗಿಲಲ್ಲ, ನೆಲವನ್ನು ಗಮನಿಸಿರಿ
ನಾಲ್ಕೂ ಬಾಗಿಲುಗಳಿಗೆ ಬ್ಯುಟೈಲ್ ಎಂಬ ರಬ್ಬರಿನ ಹಾಳೆ ಅಂಟಿಸಿದ ಮೇಲೂ ಕಾಂಕ್ರೀಟ್ ಹೆದ್ದಾರಿಯಲ್ಲಿ ಕಾರಿನೊಳಗಿನ ಮೊರೆತ ಏಕೆ ತಗ್ಗಲಿಲ್ಲವೆಂದು ತಾವು ಕೇಳಿದ್ದೀರಿ. ಆ ಹಾಳೆಯು ತಗಡಿನ ಕಂಪನವನ್ನು ಹೀರುತ್ತದೆಯೇ ಹೊರತು ಗಾಳಿಯಲ್ಲಿ ಬರುವ ಸದ್ದನ್ನು ಅಷ್ಟಾಗಿ ತಡೆಯುವುದಿಲ್ಲ. ತಗಡಿನ ಕಾಲುಭಾಗ ಮುಚ್ಚಿದರೂ ಅದರ ಕೆಲಸ ಬಹುಪಾಲು ಮುಗಿಯುವುದರಿಂದ ಅಲ್ಲಿ ಇನ್ನಷ್ಟು ಹಣ ಸುರಿಯಬೇಡಿರಿ. ಟೈರಿನ ಸದ್ದು ಹೆಚ್ಚಾಗಿ ನೆಲದಿಂದಲೂ ಚಕ್ರದ ಕಮಾನುಗಳಿಂದಲೂ ಒಳನುಗ್ಗುವ ಕಾರಣ, ಸೀಟು, ಕಾರ್ಪೆಟ್ ತೆಗೆಸಿ, ನೀರು ಹೀರದ ಫೋಮ್ ಹಾಸಿ, ಅದರ ಮೇಲೆ ಭಾರವಾದ ವಿನೈಲ್ ಹಾಳೆಯನ್ನು ಸಂದಿಲ್ಲದಂತೆ ಹೊದಿಸುವುದು ಸರಿಯಾದ ದಾರಿ. ಸೀಟಿನಡಿಯ ಏರ್‌ಬ್ಯಾಗ್ ತಂತಿಗಳನ್ನು ಮುಟ್ಟುವ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ ಕೆಲವು ನಿಮಿಷ ಕಾಯಲೇಬೇಕು. ಬಾಗಿಲಿನ ತಳದಲ್ಲಿ ನೀರಿಳಿಯುವ ರಂಧ್ರಗಳು ಆ ಬ್ಯುಟೈಲ್ ಹಾಳೆಯಿಂದ ಮುಚ್ಚಿಹೋಗಿದ್ದರೆ, ದಯವಿಟ್ಟು, ಮಳೆಗಾಲಕ್ಕೆ ಮುನ್ನ ತೆರೆಯಿರಿ. ಟೈರುಗಳು ಹಳತಾಗಿ ಗಡುಸಾಗಿದ್ದರೆ ಎಲ್ಲಕ್ಕೂ ಮೊದಲು ಅವನ್ನೇ ಬದಲಿಸಿ ನೋಡಿರಿ.