ಪ್ರಬಂಧದಲ್ಲಿ ನಿಮ್ಮ ವಾದ ಎಲ್ಲಿದೆ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದ ಕಾಲೇಜುಗಳಲ್ಲಿ ಮೊದಲ ವರ್ಷ ಓದುತ್ತಿರುವ ನಮ್ಮ ಮಕ್ಕಳಿಂದ ಮತ್ತು ಅವರ ಮನೆಯವರಿಂದ ಬಂದಿವೆ. ಎಲ್ಲರ ತೊಡಕೂ ಒಂದೇ: ಅಲ್ಲಿನ ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ಕಡ್ಡಾಯವಾಗಿರುವ ಇಂಗ್ಲಿಷ್ ಕಾಂಪೊಸಿಷನ್ ಕೋರ್ಸ್, ಅಂದರೆ ಪ್ರಬಂಧ ಬರೆಯುವುದನ್ನು ಕಲಿಸುವ ಪಾಠ.

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಓದಲು ಬಂದವಳು. ಪಿಯುಸಿಯಲ್ಲಿ ಇಂಗ್ಲಿಷಿಗೆ 92 ಅಂಕ ಬಂದಿತ್ತು. ಇಲ್ಲಿ ಮೊದಲ ಪ್ರಬಂಧಕ್ಕೇ ಸಿ ಗ್ರೇಡ್. ವ್ಯಾಕರಣದ ತಪ್ಪು ಎರಡೇ ಎರಡು. ಹಾಗಾದರೆ ಎಲ್ಲಿ ಎಡವಿದೆ?
— ವಿದ್ಯಾರ್ಥಿನಿ, ಇಂಡಿಯಾನಾ (ಊರು ಮೈಸೂರು)

ಉತ್ತರ: ಆ ಕೋರ್ಸ್ ನಿಮ್ಮ ಇಂಗ್ಲಿಷನ್ನು ಅಳೆಯುವುದಕ್ಕಾಗಿ ಇರುವುದಲ್ಲ. ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳೂ ಅದನ್ನು ಓದಲೇಬೇಕು. ಹಾರ್ವರ್ಡ್ ತನ್ನ ಪ್ರವೇಶ ಪರೀಕ್ಷೆಗೆ 1874ರಲ್ಲಿ ಪ್ರಬಂಧ ಸೇರಿಸಿದಾಗ ಒಳ್ಳೆಯ ಶಾಲೆಗಳಿಂದ ಬಂದವರೂ ತಡವರಿಸಿದರು. 1885ರ ಹೊತ್ತಿಗೆ ಬರವಣಿಗೆಯ ಪಾಠ ಅಲ್ಲಿ ಮೊದಲ ವರ್ಷದ ಭಾಗವಾಯಿತು, ಆಮೇಲೆ ಉಳಿದ ಕಾಲೇಜುಗಳೂ ಅದೇ ದಾರಿ ಹಿಡಿದವು.

ನೀವು ಎಡವಿದ್ದು ಬಹುಶಃ ಶಾಲೆಯಲ್ಲಿ ಕಲಿತ ಅಚ್ಚಿನಿಂದ: ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಪರೀಕ್ಷೆಯಲ್ಲಿ ವಿಷಯದ ಎಲ್ಲ ಮುಖಗಳನ್ನೂ ಮುಟ್ಟಿದವರಿಗೆ ಅಂಕ ಸಿಗುತ್ತಿತ್ತು. ಮಹತ್ವ, ಲಾಭ, ನಷ್ಟ, ಪರಿಹಾರ ಎಂದು ಒಂದೊಂದು ಪ್ಯಾರಾ ಬರೆದರೆ ಸಾಕಿತ್ತು. ಅಲ್ಲಿ ನಿಮ್ಮ ಪ್ರಬಂಧ ಓದುವ ಅಧ್ಯಾಪಕರು ಕೇಳುವುದು ಬೇರೆ: ಈ ವಿಷಯದಲ್ಲಿ ನೀವು ಹೇಳುವ ಒಂದು ಮಾತು ಯಾವುದು, ಅದನ್ನು ನಾನು ಏಕೆ ಒಪ್ಪಬೇಕು? ಪ್ರತಿ ಪ್ಯಾರಾವೂ ಆ ಒಂದು ಮಾತಿಗಾಗಿ ದುಡಿಯಬೇಕು. ನಿಮ್ಮ ಪ್ರಬಂಧದ ಎರಡು ಪ್ಯಾರಾಗಳನ್ನು ಅದಲುಬದಲು ಮಾಡಿ ಓದಿ ನೋಡಿ. ಏನೂ ಕೆಡದಿದ್ದರೆ ನೀವು ಬರೆದಿರುವುದು ಮಾಹಿತಿ. ವಾದ ಇನ್ನೂ ಹುಟ್ಟಿಲ್ಲ.

ಪ್ರಶ್ನೆ: ನಮ್ಮ ಊರಿನ ಒಂದು ಸಮಸ್ಯೆಯ ಬಗ್ಗೆ 1200 ಪದ ಬರೆಯಬೇಕು. ನಾನು ಬೆಂಗಳೂರಿನ ಕೆರೆಗಳನ್ನು ಆರಿಸಿಕೊಂಡೆ. ‘ಕೆರೆಗಳು ನಗರದ ಜೀವನಾಡಿ, ಅವನ್ನು ಉಳಿಸುವುದು ಎಲ್ಲರ ಕರ್ತವ್ಯ’ ಎಂಬುದು ನನ್ನ ಥೀಸಿಸ್ (ಪ್ರಬಂಧದ ಮುಖ್ಯ ವಾದವನ್ನು ಹೇಳುವ ವಾಕ್ಯ). ‘ತೀರಾ ಮಸುಕಾಗಿದೆ’ ಎಂದು ವಾಪಸ್ ಕೊಟ್ಟಿದ್ದಾರೆ. ಥೀಸಿಸ್ ಹೇಗಿರಬೇಕು?
— ವಿದ್ಯಾರ್ಥಿ, ನ್ಯೂ ಜೆರ್ಸಿ

ಉತ್ತರ: ಈ ವಾಕ್ಯವನ್ನು ಯಾರಾದರೂ ಅಲ್ಲಗಳೆಯುತ್ತಾರೆಯೇ? ಕೆರೆ ಉಳಿಯಬಾರದು ಎನ್ನುವವರು ಯಾರೂ ಇಲ್ಲ. ಎಲ್ಲರೂ ಮೊದಲೇ ಒಪ್ಪಿರುವ ಮಾತಿಗೆ 1200 ಪದದ ಪುರಾವೆ ಏಕೆ ಬೇಕು? ಮಸುಕು ಎಂದಿರುವುದು ಅದಕ್ಕೇ.

ಮೊದಲು ವಿಷಯವನ್ನು ಕಿರಿದು ಮಾಡಿ. ಎಲ್ಲ ಕೆರೆಗಳನ್ನೂ ಬಿಟ್ಟು ಬೆಳ್ಳಂದೂರು ಕೆರೆಯೊಂದನ್ನೇ ಹಿಡಿಯಿರಿ. ಅದರಲ್ಲೂ ಕೋಡಿಯಲ್ಲಿ ನೀರು ಧುಮುಕುವಲ್ಲಿ ಏಳುವ ನೊರೆಯನ್ನು ಮಾತ್ರ ನೋಡಿ. ಆ ಕೆರೆಗೆ 2015ರಲ್ಲೂ 2017ರಲ್ಲೂ ಬೆಂಕಿ ಬಿದ್ದದ್ದು ದೊಡ್ಡ ಸುದ್ದಿಯಾಗಿತ್ತು, ಆದ್ದರಿಂದ ಓದಲು ವರದಿಗಳು ಬೇಕಾದಷ್ಟು ಸಿಗುತ್ತವೆ. ಎರಡು ಮೂರು ವರದಿ ಓದಿದ ಮೇಲೆ ನಿಮ್ಮಲ್ಲೇ ಒಂದು ಪ್ರಶ್ನೆ ಏಳಬೇಕು: ಹೂಳೆತ್ತುವುದು ಮೊದಲೋ, ಕೊಳಚೆ ನೀರನ್ನು ಶುದ್ಧೀಕರಿಸುವುದು ಮೊದಲೋ? ಆ ಪ್ರಶ್ನೆಗೆ ನೀವು ಕೊಡುವ ಉತ್ತರವೇ ಥೀಸಿಸ್:

‘ಬೆಳ್ಳಂದೂರು ಕೆರೆಯ ನೊರೆ ನಿಲ್ಲಬೇಕಾದರೆ ಹೂಳೆತ್ತುವ ಮೊದಲು ಒಳಗೆ ಹರಿದುಬರುವ ಕೊಳಚೆಯನ್ನು ಶುದ್ಧೀಕರಿಸಬೇಕು, ಏಕೆಂದರೆ ನೊರೆ ಎಬ್ಬಿಸುವ ಡಿಟರ್ಜೆಂಟ್ ಕೆರೆಗೆ ದಿನವೂ ಹೊಸದಾಗಿ ಬಂದು ಸೇರುತ್ತಿದೆ.’

ಇದರಲ್ಲಿ ಮೂರು ಗುಣಗಳಿವೆ. ತಿಳಿದವರೊಬ್ಬರು ‘ಹಾಗಲ್ಲ’ ಎನ್ನಲು ಜಾಗವಿದೆ. ‘ಏಕೆಂದರೆ’ ಎಂಬ ಕೊಂಡಿಯಿದೆ, ಹಾಗಾಗಿ ಮುಂದಿನ ಪ್ಯಾರಾಗಳು ಏನನ್ನು ತೋರಿಸಿಕೊಡಬೇಕು ಎಂಬುದು ನಿಶ್ಚಿತವಾಗಿದೆ. ಮತ್ತು ಇಷ್ಟನ್ನು ನಾಲ್ಕೈದು ಪುಟಗಳಲ್ಲಿ ಸಾಧಿಸಬಹುದು. ಡಬಲ್ ಸ್ಪೇಸ್‌ನಲ್ಲಿ ಟೈಪ್ ಮಾಡಿದ ಒಂದು ಪುಟಕ್ಕೆ ಸುಮಾರು 250ರಿಂದ 300 ಪದ ಹಿಡಿಯುತ್ತದೆ. ಅಂದರೆ ಪೀಠಿಕೆ, ಮುಕ್ತಾಯ ಬಿಟ್ಟರೆ ನಿಮಗೆ ಉಳಿಯುವುದು 150 ಪದದ ಆರು ಪ್ಯಾರಾ.

ಆ ಆರರಲ್ಲಿ ಒಂದನ್ನು ಎದುರಾಳಿಗೆ ಕೊಡಿ. ‘ಹೂಳಿನಲ್ಲೂ ಡಿಟರ್ಜೆಂಟ್ ಅಂಶ ಕೂತಿರುತ್ತದೆ, ಮಳೆಗೆ ಅದು ಕದಡಿ ಮೇಲೇಳುತ್ತದೆ, ಹಾಗಾಗಿ ಹೂಳನ್ನೇ ಮೊದಲು ತೆಗೆಯಬೇಕು’ ಎನ್ನುವವರಿದ್ದಾರೆ. ಅವರ ಮಾತನ್ನು ಅವರೇ ತಲೆದೂಗುವಷ್ಟು ನ್ಯಾಯವಾಗಿ ಬರೆದು ಆಮೇಲೆ ಉತ್ತರಿಸಿ. ಎದುರಾಳಿಯನ್ನು ದಡ್ಡನಂತೆ ಚಿತ್ರಿಸಿದರೆ ನಿಮ್ಮ ವಾದವೇ ಸೊರಗುತ್ತದೆ. ಅವರ ಮಾತಿನಲ್ಲಿ ಸತ್ಯಾಂಶವಿದೆ ಎಂದು ಕಂಡುಬಂದರೆ ಥೀಸಿಸ್ ಅನ್ನೇ ತಿದ್ದಿಕೊಳ್ಳಿ. ಅದು ಸೋಲಲ್ಲ, ಈ ಕೋರ್ಸ್ ಕಲಿಸಬೇಕೆಂದಿರುವುದೇ ಅದು.

ಮೊದಲ ಕರಡು ಮುಗಿದ ಮೇಲೆ ಪ್ರತಿ ಪ್ಯಾರಾದ ಪಕ್ಕ, ಅದು ಏನು ಹೇಳುತ್ತದೆ ಎಂದು ಒಂದೇ ಸಾಲಿನಲ್ಲಿ ಬರೆಯಿರಿ. ಅಲ್ಲಿ ಇದನ್ನು ರಿವರ್ಸ್ ಔಟ್‌ಲೈನ್ ಎನ್ನುತ್ತಾರೆ. ಒಂದು ಪ್ಯಾರಾಕ್ಕೆ ಎರಡು ಸಾಲು ಬೇಕಾದರೆ ಅದನ್ನು ಒಡೆಯಿರಿ. ಎರಡು ಪ್ಯಾರಾಗಳಿಗೆ ಒಂದೇ ಸಾಲು ಬಂದರೆ ಕೂಡಿಸಿ. ‘ಕೆಂಪೇಗೌಡರ ಕಾಲದ ಕೆರೆಗಳು’ ಎಂಬಂಥ ಸಾಲು ಬಂದು, ಅದರಿಂದ ನೊರೆಯ ವಾದಕ್ಕೆ ಏನೂ ದಕ್ಕದಿದ್ದರೆ, ಎಷ್ಟೇ ಚೆನ್ನಾಗಿ ಬರೆದಿದ್ದರೂ ಆ ಪ್ಯಾರಾ ತೆಗೆಯಬೇಕು. ತೆಗೆಯಲು ಮನಸ್ಸು ಬರುವುದಿಲ್ಲ ನಿಜ. ಬೇರೆ ಫೈಲಿನಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ: ಪ್ಯಾರಾದ ಅಂಚಿನಲ್ಲಿ ‘ಸೋ ವಾಟ್?’ ಎಂದು ಬರೆದಿದ್ದಾರೆ. ಇದು ಅವಮಾನವಲ್ಲವೇ?
— ವಿದ್ಯಾರ್ಥಿನಿ, ಓಹಾಯೊ

ಉತ್ತರ: ಅಲ್ಲವೇ ಅಲ್ಲ. ಅಲ್ಲಿನ ಬರವಣಿಗೆ ತರಗತಿಗಳಲ್ಲಿ ಅದು ದಿನಬಳಕೆಯ ಮಾತು. ನೀವು ಅಂಕಿಅಂಶವನ್ನೋ ಉದ್ಧರಣೆಯನ್ನೋ ಇಟ್ಟು ಅಲ್ಲಿಗೇ ನಿಲ್ಲಿಸಿದ್ದೀರಿ, ಅದರಿಂದ ಏನು ತಿಳಿಯಬೇಕೆಂದು ಹೇಳಿಲ್ಲ ಎಂದರ್ಥ. ಒಂದು ಸಾಲು ಪುರಾವೆ ಕೊಟ್ಟರೆ ಅದಕ್ಕೆ ಎರಡು ಸಾಲಾದರೂ ನಿಮ್ಮ ವಿವರಣೆ ಇರಲಿ. ಪ್ಯಾರಾವನ್ನು ಉದ್ಧರಣೆಯಿಂದ ಮುಗಿಸಬೇಡಿ. ಕೊನೆಯ ಮಾತು ನಿಮ್ಮದಾಗಿರಬೇಕು.

ಪ್ರಶ್ನೆ: ಪುಸ್ತಕದ ವಾಕ್ಯವನ್ನು ನಕಲು ಮಾಡದೆ ಎಲ್ಲ ಪದಗಳನ್ನೂ ಬದಲಿಸಿ ಬರೆದೆ. ಆದರೂ ಕೃತಿಚೌರ್ಯ ಎಂದು ಎಚ್ಚರಿಕೆ ಕೊಟ್ಟರು. ಟರ್ನಿಟಿನ್ ತಂತ್ರಾಂಶ ಶೇ 18 ಹೋಲಿಕೆ ತೋರಿಸಿತಂತೆ. ಶೇ ಎಷ್ಟರವರೆಗೆ ನಡೆಯುತ್ತದೆ?
— ವಿದ್ಯಾರ್ಥಿ, ಅರಿಜೋನಾ (ಊರು ಶಿವಮೊಗ್ಗ)

ಉತ್ತರ: ಶೇಕಡಾ ಲೆಕ್ಕದ ಹಿಂದೆ ಬೀಳಬೇಡಿ. ಆ ತಂತ್ರಾಂಶಕ್ಕೆ ಗೊತ್ತಾಗುವುದು ಇತರ ಬರಹಗಳಿಗೆ ಹೊಂದುವ ಪದಸಾಲುಗಳು ಮಾತ್ರ. ಉದ್ಧರಣ ಚಿಹ್ನೆಯೊಳಗಿನ ಸಾಲು, ಕೊನೆಯ ಗ್ರಂಥಪಟ್ಟಿ ಇವನ್ನು ಲೆಕ್ಕದಿಂದ ಕೈಬಿಡದಿದ್ದರೆ ಅವೂ ಸೇರಿಬಿಡುತ್ತವೆ. ಶೇ 20 ಇದ್ದೂ ಪ್ರಬಂಧ ಶುದ್ಧವಾಗಿರಬಹುದು, ಶೇ 5 ಇದ್ದೂ ಒಂದು ಪ್ಯಾರಾ ಪೂರ್ತಿ ಕದ್ದದ್ದಾಗಿರಬಹುದು. ತೀರ್ಮಾನ ಮಾಡುವವರು ಅಧ್ಯಾಪಕರು.

ನಿಮ್ಮ ತೊಂದರೆ ಏನೆಂದು ಕನ್ನಡದಲ್ಲೇ ತೋರಿಸುತ್ತೇವೆ. ಮೂಲ ವಾಕ್ಯ ಹೀಗಿದೆ ಎಂದುಕೊಳ್ಳಿ: ‘ಕೆರೆಗೆ ಸೇರುವ ಕೊಳಚೆ ನೀರಿನ ಪ್ರಮಾಣ ಹೆಚ್ಚಿದಂತೆ ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆಯಾಗಿ ಮೀನುಗಳು ಸಾಯುತ್ತವೆ.’ ನೀವು ಮಾಡಿರುವುದು ಇಂಥ ಕೆಲಸ: ‘ಸರೋವರಕ್ಕೆ ಹರಿಯುವ ಗಲೀಜು ನೀರಿನ ಮೊತ್ತ ಏರಿದಂತೆ ಜಲದಲ್ಲಿ ಕರಗಿದ ಪ್ರಾಣವಾಯು ಇಳಿದು ಮತ್ಸ್ಯಗಳು ಸಾಯುತ್ತವೆ.’ ಮೀನು ಮತ್ಸ್ಯವಾಯಿತು, ಆದರೆ ವಾಕ್ಯದ ಎಲುಬುಗೂಡು ಹಾಗೇ ಇದೆ. ರೆಬೆಕಾ ಮೂರ್ ಹೊವಾರ್ಡ್ ಎಂಬ ವಿದ್ವಾಂಸೆ ಇದನ್ನು ಪ್ಯಾಚ್‌ರೈಟಿಂಗ್ ಎಂದು ಕರೆದರು. ಮೋಸ ಮಾಡುವ ಉದ್ದೇಶಕ್ಕಿಂತ, ವಿಷಯ ಇನ್ನೂ ಪೂರ್ತಿ ಮೈಗೂಡದಿದ್ದಾಗ ಕಲಿಯುವವರು ಹೀಗೆ ಬರೆಯುತ್ತಾರೆ ಎಂಬುದು ಅವರ ವಾದ. ಆದರೆ ಹಲವು ಕಾಲೇಜುಗಳ ನಿಯಮದಲ್ಲಿ ಇದೂ ಕೃತಿಚೌರ್ಯವೇ. ಆದ್ದರಿಂದ ಹುಷಾರಾಗಿರಿ.

ಸರಿಯಾದ ಪುನರ್ನಿರೂಪಣೆ ಹೀಗಿರುತ್ತದೆ: ‘ಮೀನುಗಳ ಸಾವನ್ನು ಈ ವರದಿ ಆಮ್ಲಜನಕದ ಕೊರತೆಗೆ ಜೋಡಿಸುತ್ತದೆ: ಕೊಳಚೆ ಹೆಚ್ಚು ಬಂದಷ್ಟೂ ಅವು ಉಸಿರಾಡಲು ನೀರಿನಲ್ಲಿ ಉಳಿಯುವುದು ಕಡಿಮೆ.’ ಇದರ ಮುಂದೆ ಆವರಣದಲ್ಲಿ ಲೇಖಕರ ಹೆಸರು, ಪುಟಸಂಖ್ಯೆ. ಪದ ಪೂರ್ತಿ ಬದಲಾದರೂ ವಿಚಾರ ಇನ್ನೊಬ್ಬರದೇ, ಆದ್ದರಿಂದ ಮೂಲ ಹೇಳಲೇಬೇಕು.

ಇಲ್ಲಿ ಕನ್ನಡ ನಿಮ್ಮ ಕೈ ಹಿಡಿಯುತ್ತದೆ. ಮೂಲ ಪ್ಯಾರಾವನ್ನು ಎರಡು ಸಲ ಓದಿ, ಪುಸ್ತಕ ಮುಚ್ಚಿ, ಅದರ ಸಾರವನ್ನು ಮನೆಯಲ್ಲಿ ಅಮ್ಮನಿಗೆ ಹೇಳುವಂತೆ ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ. ಹೇಳಲು ಬಾರದಿದ್ದರೆ ಅರ್ಥವಾಗಿಲ್ಲವೆಂದೇ ಲೆಕ್ಕ, ಮತ್ತೆ ಓದಿ. ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು, ಆಮೇಲೆ ಪುಸ್ತಕ ತೆರೆದು ತಾಳೆ ನೋಡಿ. ಮೂಲದ ಮೂರು ನಾಲ್ಕು ಪದಗಳು ಸಾಲಾಗಿ ಹಾಗೇ ಬಂದಿದ್ದರೆ ಬದಲಿಸಿ, ಇಲ್ಲವೇ ಉದ್ಧರಣ ಚಿಹ್ನೆ ಹಾಕಿ. ಟಿಪ್ಪಣಿ ಮಾಡುವಾಗಲೇ ಪುಟಸಂಖ್ಯೆ ಬರೆದುಕೊಳ್ಳಿ. ಸಲ್ಲಿಸುವ ಹಿಂದಿನ ರಾತ್ರಿ ಪುಟ ಹುಡುಕುತ್ತ ಕೂರುವವರೇ ಹೆಚ್ಚು ತಪ್ಪು ಮಾಡುವುದು.

ಪ್ರಶ್ನೆ: ನಮ್ಮ ಮಗ ಟೆಕ್ಸಾಸ್‌ನಲ್ಲಿ ಓದುತ್ತಿದ್ದಾನೆ. ನಮ್ಮ ಓಣಿಯಲ್ಲೇ ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕರಿದ್ದಾರೆ. ಅವನ ಪ್ರಬಂಧವನ್ನು ಅವರಿಂದ ತಿದ್ದಿಸಿ ಕಳಿಸಬಹುದೇ? ಅವನ ಗೆಳೆಯರು ಚಾಟ್‌ಜಿಪಿಟಿಯಿಂದ ತಿದ್ದಿಸುತ್ತಾರಂತೆ.
— ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: ದಯವಿಟ್ಟು ತಿದ್ದಿಸಿ ಕಳಿಸಬೇಡಿ. ಪ್ರಾಧ್ಯಾಪಕರು ಓದಿ ‘ಎರಡನೆಯ ಪುಟದಲ್ಲಿ ನಿನ್ನ ಮಾತು ನನಗೆ ತಿಳಿಯಲಿಲ್ಲ’ ಎಂದು ಫೋನಿನಲ್ಲಿ ಹೇಳಿದರೆ ಅದು ಸಹಾಯ. ಅವರೇ ವಾಕ್ಯ ಬರೆದುಕೊಟ್ಟರೆ ಅದು ಮಗನ ಬರಹವಾಗಿ ಉಳಿಯುವುದಿಲ್ಲ. ತರಗತಿಯಲ್ಲಿ ಅವನು ಕೂತು ಬರೆದದ್ದಕ್ಕೂ ಸಲ್ಲಿಸಿದ್ದಕ್ಕೂ ವ್ಯತ್ಯಾಸ ಎದ್ದು ಕಾಣುತ್ತದೆ.

ಎಐ ವಿಷಯದಲ್ಲಿ ಒಂದೊಂದು ಕೋರ್ಸಿಗೆ ಒಂದೊಂದು ನಿಯಮ. ಸೆಮಿಸ್ಟರಿನ ಮೊದಲ ವಾರ ಕೊಡುವ ಸಿಲಬಸ್‌ನಲ್ಲಿ ಅದು ಬರೆದಿರುತ್ತದೆ. ಬರೆದಿಲ್ಲದಿದ್ದರೆ ಇಮೇಲ್ ಮಾಡಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಲಿ. ಕರಡುಗಳನ್ನೂ ಅಳಿಸದೆ ಉಳಿಸಿಕೊಳ್ಳಲಿ. ಅನುಮಾನ ಬಂದಾಗ ‘ನಾನೇ ಬರೆದದ್ದು’ ಎನ್ನಲು ಅವಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಸಾಮಾನ್ಯವಾಗಿ ಕ್ಯಾಂಪಸ್ಸಿನಲ್ಲೇ ಬರವಣಿಗೆಗೆ ಸಲಹೆ ಕೊಡುವ ರೈಟಿಂಗ್ ಸೆಂಟರ್ ಇರುತ್ತದೆ, ಬಹುತೇಕ ಕಡೆ ವಿದ್ಯಾರ್ಥಿಗಳಿಗೆ ಉಚಿತ. ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗಬೇಕು. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗಿನ ಭೇಟಿ. ಅಲ್ಲಿ ತಪ್ಪು ತಿದ್ದಿಕೊಡುವುದಿಲ್ಲ ಎಂದು ನಮ್ಮ ಮಕ್ಕಳು ಬೇಸರಪಟ್ಟು ಮತ್ತೆ ಹೋಗುವುದೇ ಇಲ್ಲ. ಹೋಗುವಾಗ ಅಧ್ಯಾಪಕರು ಕೊಟ್ಟ ಸೂಚನಾಪತ್ರ, ಕರಡು, ಜೊತೆಗೆ ಒಂದು ನಿರ್ದಿಷ್ಟ ಪ್ರಶ್ನೆ ಒಯ್ಯಲಿ. ‘ಇದನ್ನು ನೋಡಿ’ ಎನ್ನುವುದಕ್ಕಿಂತ ‘ಮೂರನೆಯ ಪ್ಯಾರಾ ನನ್ನ ಥೀಸಿಸ್‌ಗೆ ಹೊಂದುತ್ತದೆಯೇ?’ ಎಂದರೆ ಆ ಹೊತ್ತು ಸಾರ್ಥಕವಾಗುತ್ತದೆ. ಸಲ್ಲಿಕೆಗೆ ಮೂರು ದಿನ ಮುಂಚೆ ಹೋದರೆ ತಿದ್ದಲು ಬಿಡುವಿರುತ್ತದೆ.

ಪ್ರಶ್ನೆ: ನನ್ನ ವಾಕ್ಯಗಳು ಉದ್ದವಾಗುತ್ತವೆ, ಕೆಂಪು ಗೆರೆ ತುಂಬಿರುತ್ತದೆ. ಏನು ಮಾಡಲಿ?
— ವಿದ್ಯಾರ್ಥಿನಿ, ಮಿಷಿಗನ್ (ಊರು ಪುತ್ತೂರು)

ಉತ್ತರ: ಕನ್ನಡದಲ್ಲಿ ‘ಹೋಗಿ, ನೋಡಿ, ಬರೆದುಕೊಂಡು ಬಂದು’ ಎಂದು ಕ್ರಿಯೆಗಳನ್ನು ಹೂವಿನಂತೆ ಪೋಣಿಸಬಹುದು. ಇಂಗ್ಲಿಷಿನಲ್ಲಿ ಅದನ್ನೇ ಅಲ್ಪವಿರಾಮ ಹಾಕುತ್ತ ಬೆಳೆಸಿದರೆ ಪೂರ್ಣ ವಾಕ್ಯಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದಕ್ಕೆ ಕಾಮಾ ಸ್ಪ್ಲೈಸ್ ಎಂದು ಹೆಸರು. ಗಟ್ಟಿಯಾಗಿ ಓದಿ. ಅಲ್ಪವಿರಾಮದ ಎರಡೂ ಕಡೆ ಸ್ವಂತವಾಗಿ ನಿಲ್ಲುವ ವಾಕ್ಯವಿದ್ದರೆ ಅಲ್ಲಿ ಪೂರ್ಣವಿರಾಮ ಇಡಿ.

ಇನ್ನೊಂದು, ಕರ್ತೃ ಕಳೆದುಹೋಗುವುದು. ‘ವರದಿ ಓದಿದ ಮೇಲೆ ಸಮಸ್ಯೆ ಸ್ಪಷ್ಟವಾಗುತ್ತದೆ’ ಕನ್ನಡದಲ್ಲಿ ಸರಿ. ‘ಆಫ್ಟರ್ ರೀಡಿಂಗ್ ದಿ ರಿಪೋರ್ಟ್, ದಿ ಪ್ರಾಬ್ಲಂ ಬಿಕಮ್ಸ್ ಕ್ಲಿಯರ್’ ಎಂದರೆ ವರದಿ ಓದಿದ್ದು ಪ್ರಾಬ್ಲಂ ಎಂದಾಗುತ್ತದೆ. ನಮ್ಮ ‘ಎನ್ನಲಾಗಿದೆ’ಯನ್ನು ಇಂಗ್ಲಿಷಿಗೆ ತಂದರೆ ‘ಯಾರು ಹೇಳಿದ್ದು?’ ಎಂಬ ಟಿಪ್ಪಣಿ ಖಂಡಿತ ಬರುತ್ತದೆ. ಹೇಳಿದವರ ಹೆಸರು ಹಾಕಿ.

ಎಲ್ಲ ಕೆಂಪು ಗೆರೆಗಳ ಹಿಂದೆಯೂ ಓಡಬೇಡಿ. ಹಿಂದಿನ ಎರಡು ಪ್ರಬಂಧಗಳಲ್ಲಿ ಮತ್ತೆ ಮತ್ತೆ ಬಂದ ಮೂರು ತಪ್ಪುಗಳನ್ನು ಪಟ್ಟಿ ಮಾಡಿ, ಒಂದೊಂದಕ್ಕೂ ಪ್ರತ್ಯೇಕವಾಗಿ ಒಂದು ಸಲ ಪ್ರಬಂಧ ಓದಿ. ಈ ಕೆಲಸ ಕೊನೆಯದು. ಪ್ಯಾರಾಗಳೇ ಇನ್ನೂ ಜಾಗ ಬದಲಿಸುತ್ತಿರುವಾಗ ವಾಕ್ಯ ತಿದ್ದಿದರೆ ಅಳಿಸಿಹೋಗುವುದನ್ನೇ ತಿದ್ದಿದಂತೆ.

ಪ್ರಶ್ನೆ: ಗ್ರಂಥಪಟ್ಟಿಗೆ ಎಂಎಲ್ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಶೈಲಿಯಲ್ಲಿ ಕನ್ನಡ ಪುಸ್ತಕವನ್ನು ಹೇಗೆ ನಮೂದಿಸಬೇಕು?
— ವಿದ್ಯಾರ್ಥಿ, ಕ್ಯಾಲಿಫೋರ್ನಿಯಾ

ಉತ್ತರ: ಪುಸ್ತಕದ ಹೆಸರನ್ನು ರೋಮನ್ ಲಿಪಿಯಲ್ಲಿ ಇಟ್ಯಾಲಿಕ್ ಆಗಿ ಬರೆದು, ಪಕ್ಕದಲ್ಲಿ ಚೌಕಾವರಣದೊಳಗೆ ಅದರ ಇಂಗ್ಲಿಷ್ ಅರ್ಥ ಕೊಡಿ. ಲೇಖಕರ ಹೆಸರಿನಲ್ಲಿ ಇನಿಷಿಯಲ್ ಹಿಂದೆ ಹೋಗುತ್ತದೆ: ಬೇಂದ್ರೆ, ದ. ರಾ. ಕುವೆಂಪು ಎಂಬಂತೆ ಒಂದೇ ಪದದ ಕಾವ್ಯನಾಮವಿದ್ದರೆ ಹಾಗೇ ಇರಲಿ. ಉದ್ಧರಣೆಯನ್ನು ನೀವೇ ಇಂಗ್ಲಿಷಿಗೆ ತಂದಿದ್ದರೆ ಅನುವಾದ ನಿಮ್ಮದೆಂದು ತಿಳಿಸಿ. ಗ್ರಂಥಪಟ್ಟಿಯಲ್ಲಿ ಪ್ರತಿ ನಮೂದಿನ ಎರಡನೆಯ ಸಾಲಿನಿಂದ ಅರ್ಧ ಅಂಗುಲ ಒಳಗೆ ಸರಿಸಬೇಕು. ಸ್ಪೇಸ್ ಬಾರ್ ಒತ್ತಿ ಸರಿಸಿದರೆ ಫಾಂಟ್ ಬದಲಾದಾಗ ಎಲ್ಲ ಚೆದುರುತ್ತದೆ. ವರ್ಡ್‌ನ ಪ್ಯಾರಾಗ್ರಾಫ್ ಮೆನುವಿನಲ್ಲಿ ಹ್ಯಾಂಗಿಂಗ್ ಎಂಬ ಆಯ್ಕೆಯಿದೆ, ಅದನ್ನು ಬಳಸಿ.