ಮೂರು ಶಿಫ್ಟ್ ಕೆಲಸದಿಂದ ಸಂಸಾರಕ್ಕೆ ತೊಂದರೆ ಆಗುತ್ತಾ?

ಗಂಡನಿಗೆ ವಾರವಾರ ಬದಲಾಗುವ ಮೂರು ಶಿಫ್ಟ್ ಕೆಲಸ ಸಿಕ್ಕಿದೆ, ಮಗಳು ಇನ್ನೂ ಎರಡನೇ ಕ್ಲಾಸು, ನೈಟ್ ಶಿಫ್ಟ್ ನೆನೆಸಿಕೊಂಡರೆ ಭಯ ಆಗುತ್ತೆ ಅಂತ ಬರೆದಿದ್ದೀರಿ. ನಮ್ಮ ಮನೆಯವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇದೇ ಥರದ ಕೆಲಸದಲ್ಲಿದ್ದಾರೆ. ಬೆಳಗ್ಗೆ 6ರಿಂದ 2, ಮಧ್ಯಾಹ್ನ 2ರಿಂದ 10, ರಾತ್ರಿ 10ರಿಂದ 6.

ನನ್ನನ್ನು ಕೇಳಿದರೆ, ನೈಟ್‌ಗಿಂತ ಸೆಕೆಂಡ್ ಶಿಫ್ಟೇ ಸಂಸಾರಕ್ಕೆ ಕಷ್ಟ. ನೈಟ್ ಇದ್ದಾಗ ಅವರ ಮೈ ಸೋಲುತ್ತೆ, ನಿಜ. ಆದರೆ ಮಗು ಸ್ಕೂಲಿಂದ ಬರುವಾಗ ಅಪ್ಪ ಮನೆಯಲ್ಲಿರುತ್ತಾರೆ, ರಾತ್ರಿ ಊಟವೂ ಜೊತೆಯಲ್ಲೇ. ಸೆಕೆಂಡ್ ಶಿಫ್ಟಲ್ಲಿ ಹಾಗಲ್ಲ. ಮಗು ಹೊರಡುವಾಗ ಇವರು ಮಲಗಿರುತ್ತಾರೆ, ಇವರು ಬರುವಾಗ ಮಗು ಮಲಗಿರುತ್ತೆ. ಒಂದೇ ಮನೆಯಲ್ಲಿದ್ದೂ ವಾರವಿಡೀ ಒಂದು ಮಾತೂ ಆಡದೆ ಇರಬಹುದು. ಓದಿಸುವುದು, ಜ್ವರ ಬಂದರೆ ಡಾಕ್ಟರ ಹತ್ತಿರ ಓಡುವುದು, ಎಲ್ಲಾ ನಿಮ್ಮ ತಲೆ ಮೇಲೇ.

ಆ ವಾರ ನಮ್ಮ ಮನೆಯವರು ಎಷ್ಟೇ ತಡವಾಗಿ ಮಲಗಿದ್ದರೂ ಬೆಳಗ್ಗೆ ಏಳುತ್ತಾರೆ. ಮಗನಿಗೆ ಸ್ನಾನ ಮಾಡಿಸಿ, ತಿಂಡಿ ತಿನ್ನಿಸಿ, ವ್ಯಾನ್ ಹತ್ತಿಸಿ ಬಂದು ಮತ್ತೆ ಮಲಗುತ್ತಾರೆ. ನಾನು ಆ ಹೊತ್ತಲ್ಲಿ ಅವರಿಬ್ಬರ ಮಧ್ಯೆ ಹೋಗುವುದೇ ಇಲ್ಲ. ನಮ್ಮ ಮನೆಯನ್ನು ಕಾಪಾಡಿದ್ದು ಈ ಅಭ್ಯಾಸವೇ.

ನೈಟ್ ವಾರಕ್ಕೆ ಕಿಟಕಿಗೆ ದಪ್ಪ ಪರದೆ ಬೇಕು. ಬೆಳಕು ಬಿದ್ದರೆ ದೇಹ ನಿದ್ದೆ ಬಿಟ್ಟು ಏಳೋಕೆ ನೋಡುತ್ತೆ. ಮಿಕ್ಸಿ, ಕುಕ್ಕರ್ ಕೆಲಸ ಅವರು ಬರುವ ಮೊದಲೇ ಮುಗಿಸಿಬಿಡಿ. ಆದರೆ ರಜೆ ದಿನ ಮಗುವಿಗೆ ಹೊತ್ತಿಡೀ "ಶ್, ಅಪ್ಪ ಮಲಗಿದ್ದಾರೆ" ಅನ್ನಬೇಡಿ. ಅಪ್ಪ ಮನೆಯಲ್ಲಿದ್ದರೆ ಆಡುವ ಹಾಗಿಲ್ಲ ಅಂತ ಮನಸ್ಸಲ್ಲಿ ಕೂತುಬಿಡುತ್ತೆ. ಪಾರ್ಕಿಗೋ ಪಕ್ಕದ ಮನೆಗೋ ಕಳಿಸಿ. ನೆಂಟರು "ಯಾವಾಗ ಬಂದ್ರೂ ಮಲಗೇ ಇರ್ತಾರಲ್ಲ" ಅಂತಾರೆ. ರಾತ್ರಿಯೆಲ್ಲಾ ನಿಂತು ದುಡಿದವರ ಬಗ್ಗೆ ಹಾಗಂದರೆ ನನಗೆ ಈಗಲೂ ಸಂಕಟವಾಗುತ್ತೆ. ನೀವು ಸುಮ್ನೆ ಕೇಳಿಸಿಕೊಳ್ಳಬೇಡಿ, ನೈಟ್ ಮುಗಿಸಿ ಬಂದಿದ್ದಾರೆ ಅಂತ ಹೇಳಿಬಿಡಿ.

ಇನ್ನು ಓಟಿ, ಅಂದರೆ ಶಿಫ್ಟ್ ಮುಗಿದ ಮೇಲೂ ಮಾಡುವ ಹೆಚ್ಚಿನ ಕೆಲಸ. ಮುಂದಿನ ಶಿಫ್ಟಿಗೆ ಇವರ ಜಾಗಕ್ಕೆ ಬರಬೇಕಾದವರು (ರಿಲೀವರ್) ಬರಲಿಲ್ಲ ಅಂದರೆ ಇವರೇ ಮುಂದುವರಿಯಬೇಕು. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ವಾರಕ್ಕೆ 48 ಗಂಟೆ ಕೆಲಸ, ಅದಕ್ಕಿಂತ ಜಾಸ್ತಿ ಮಾಡಿದ ಗಂಟೆಗಳಿಗೆ ಎರಡು ಪಟ್ಟು ಸಂಬಳ ಅಂತಿದೆ. ಸಾಲ ಇರುವ ಮನೆಗೆ ಆ ದುಡ್ಡು ದೊಡ್ಡದೇ. ಆದರೂ ವಾರದ ರಜೆಯನ್ನು ಮಾತ್ರ ಓಟಿಗೆ ಬಿಟ್ಟುಕೊಡಬೇಡಿ, ಅದರಲ್ಲೂ ಸೆಕೆಂಡ್ ಶಿಫ್ಟ್ ಮುಗಿದಾಗ ಬರುವ ರಜೆಯನ್ನು.

ಸೇರುವ ಮೊದಲು ಶಿಫ್ಟ್ ಯಾವ ಕ್ರಮದಲ್ಲಿ ತಿರುಗುತ್ತೆ ಅಂತ ಕೇಳಿಸಿ. ಫಸ್ಟ್, ಸೆಕೆಂಡ್, ನೈಟ್ ಅಂತ ಬಂದರೆ ಸ್ವಲ್ಪ ಸಲೀಸು. ಹೆಚ್ಚಿನವರ ದೇಹದೊಳಗಿನ ಗಡಿಯಾರ 24 ಗಂಟೆಗಿಂತ ಒಂಚೂರು ನಿಧಾನ. ಅದಕ್ಕೇ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಉಲ್ಟಾ ತಿರುಗಿಸುವ ಕಡೆ ಸುಸ್ತು ಜಾಸ್ತಿ. ಶಿಫ್ಟ್ ಪಟ್ಟಿಯನ್ನು ಎಷ್ಟು ಮುಂಚೆ ಹಾಕುತ್ತಾರೆ ಅಂತಲೂ ಕೇಳಲಿ. ತಿಂಗಳ ಮೊದಲೇ ಗೊತ್ತಾದರೆ ಮಗಳ ಸ್ಕೂಲ್ ಡೇಗೆ ಯಾರ ಜೊತೆ ಶಿಫ್ಟ್ ಬದಲಾಯಿಸಿಕೊಳ್ಳಬೇಕು ಅಂತ ಮಾತಾಡಿಟ್ಟುಕೊಳ್ಳಬಹುದು, ಅಲ್ವಾ?